ಬೀಗ ಹಾಕಿದ ಏಣಿ

ನಮ್ಮ ಬಡಾವಣೆ ಹುಟ್ಟಿದಾಗ ಗಡಿ ಎಂದರೆ ಹಿತ್ತಿಲಲ್ಲಿ ಹುಗಿದಿದ್ದ ಮೊಳದುದ್ದದ ಒಂದು ಕಲ್ಲು. ಆಚೆ ಬರ್ಲಿನ್ ನಗರ, ಈಚೆ ಹಳ್ಳಿ. ಅಪ್ಪ ಆ ಕಲ್ಲಿನ ಮೇಲೆ ಕೂತು ಪೈಪು ಸೇದುತ್ತಿದ್ದ. ಅವನ ಮನೆ ಆಚೆಗಿತ್ತು. ನನ್ನ ಮದುವೆಯಾದಾಗ ಈಚೆಯ ನಿವೇಶನ ಕೊಡಿಸಿ, "ಕೂಗಿದ್ರೆ ಓಗೊಡೋವಷ್ಟು ಹತ್ರ ಇರ್ಲಿ ಮಗಳು" ಅಂದಿದ್ದ. ಎರಡೂ ಹಿತ್ತಿಲಲ್ಲಿ ಚೆರ್ರಿ ಮರ ನೆಟ್ಟ. ಎರಡು ಮನೆಗೂ ಒಂದೇ ಏಣಿ. ಹಣ್ಣಿನ ಕಾಲದಲ್ಲಿ ಅದನ್ನು ಕಲ್ಲು ದಾಟಿಸಿ ಒಯ್ಯುತ್ತಿದ್ದೆವು, ತರುತ್ತಿದ್ದೆವು.

ಅಪ್ಪ ತೀರಿಕೊಂಡ. ಆಮೇಲೆ, ಅರವತ್ತೊಂದರಲ್ಲಿ, ಆ ಗಡಿಕಲ್ಲಿನ ಜಾಗದಲ್ಲಿ ಬರ್ಲಿನ್ ಗೋಡೆ ಎದ್ದಿತು. ಆ ದಿನ ಏಣಿ ನಮ್ಮ ಕಡೆ, ಪೂರ್ವದಲ್ಲಿ ಇತ್ತು, ಅಮ್ಮ ಆ ಕಡೆ, ಪಶ್ಚಿಮದಲ್ಲಿ.

ಅಂದಿನಿಂದ ನಮ್ಮ ಬೀದಿಯಲ್ಲಿ ಏಣಿ ಇಟ್ಟುಕೊಳ್ಳುವುದೂ ಒಂದೇ, ಬಂದೂಕು ಇಟ್ಟುಕೊಳ್ಳುವುದೂ ಒಂದೇ. ಸರಪಳಿ ಸುತ್ತಿ ಬೀಗ ಜಡಿಯಬೇಕು, ಬೀಗದ ಕೈಯನ್ನು ಬೀದಿಯ ಉಸ್ತುವಾರಿ ಕುನರ್ಟನಿಗೆ ಒಪ್ಪಿಸಬೇಕು. ನಮ್ಮ ಅಟ್ಟದ ಕಿಟಕಿಗೆ ಸೈನಿಕರು ಇಟ್ಟಿಗೆ ಕಟ್ಟಿಹೋದರು. ನೆಂಟರೂ ಅಪ್ಪಣೆ ಇಲ್ಲದೆ ಬರುವಂತಿರಲಿಲ್ಲ. ನನಗೆ ಉಳಿದದ್ದು ಅಮ್ಮನ ಹೊಗೆ. ದಿನಾ ಬೆಳಿಗ್ಗೆ ಆರಕ್ಕೆ ಅವಳು ಕಾಫಿಗೆ ಒಲೆ ಹಚ್ಚುವಳು. ಗೋಡೆಯ ಮೇಲುಗಡೆ ಚಿಮಣಿಯ ಹೊಗೆ ಕಂಡರೆ ಅಮ್ಮ ಇದ್ದಾಳೆ ಎಂದು ನಾನೂ ಒಲೆ ಹಚ್ಚುತ್ತಿದ್ದೆ.

ಅರವತ್ತೇಳರ ಜುಲೈಯಲ್ಲಿ ಮೂರು ದಿನ ಹೊಗೆ ಏಳಲಿಲ್ಲ.

ಕಾಗದ ಬರಲು ಎರಡು ವಾರ. ಫೋನಿನ ತಂತಿ ಎಂದೋ ಕತ್ತರಿಸಿದ್ದರು. ಚೆರ್ರಿ ಮಾತ್ರ ಹಣ್ಣಾಗಿತ್ತು. ಠಾಣೆಗೆ ಓಡಿ, ಹಣ್ಣು ಕೀಳಲು ಒಂದು ಗಂಟೆಯ ಅಪ್ಪಣೆ ಬರೆಸಿಕೊಂಡು ಬಂದೆ. ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

"ಇನ್ನೊಂದು ವಾರ ಬಿಟ್ಟು ಕೀಳ್ಬಾರ್ದಾ, ಫ್ರೌ ರೀಮರ್?" ಅಂದ ಕುನರ್ಟ್.

"ಹಕ್ಕಿಗಳಿಗೆ ನೀವೇ ಹೇಳಿ. ನಿಮ್ಮ ಮಾತಾದ್ರೆ ಕೇಳ್ತಾವೆ."

ಗೊಣಗುತ್ತಲೇ ಬಂದ, ಬೀಗ ತೆಗೆದ, ಏಣಿಯ ಬುಡ ಹಿಡಿದು ನಿಂತ. "ಹಣ್ಣು ನೋಡ್ಕೊಂಡು ಕೀಳಿ. ಆಚೆ ನೋಡ್ಬೇಡಿ. ಕಾವಲುಗೋಪುರದಿಂದ ನನ್ನನ್ನೂ ನೋಡ್ತಿರ್ತಾರೆ."

ಒಂಬತ್ತನೇ ಮೆಟ್ಟಿಲಲ್ಲಿ ಗೋಡೆಯ ಆಚೆ ಕಂಡಿತು. ನಾಯಿಗಳು ಓಡಾಡುವ ಬೋಳು ನೆಲ, ಅದರಾಚೆ ನನ್ನ ತವರುಮನೆ. ಅಮ್ಮನ ಕೋಣೆಯ ಕಿಟಕಿ, ಗಾಳಿಗೆ ಹೆದರಿ ಅವಳು ಬೇಸಿಗೆಯಲ್ಲೂ ಮುಚ್ಚಿರುತ್ತಿದ್ದ ಕಿಟಕಿ, ಅದರ ಎರಡೂ ಕದ ಹಾರುಹೊಡೆದಿದ್ದವು. ಸತ್ತವರ ಆತ್ಮ ಹೊರಗೆ ಹೋಗಲೆಂದು ನಾವು ಹಾಗೆ ತೆರೆದಿಡುತ್ತೇವೆ. ಕಪ್ಪು ಬಟ್ಟೆಯ ಯಾರೋ ಹೆಂಗಸು ಅಮ್ಮನ ದಿಂಬನ್ನು ಬಿಸಿಲಿಗೆ ಇಡುತ್ತಿದ್ದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಕೂಗು ಗಂಟಲಿಗೆ ಬಂತು. ಕೂಗಿದರೆ ಓಗೊಡುವಷ್ಟು ಹತ್ತಿರ, ಅಪ್ಪಾ! ಕೂಗಿದ್ದರೆ ಮನೆಯೂ ಹೋಗುತ್ತಿತ್ತು, ಗಂಡನ ಕೆಲಸವೂ ಹೋಗುತ್ತಿತ್ತು. ಹಿಡಿ ಹಿಡಿ ಚೆರ್ರಿ ಬಾಯಿಗೆ ತುರುಕಿಕೊಂಡೆ.

"ತಿನ್ನೋದೇ ಆಯ್ತಲ್ರೀ! ಬುಟ್ಟಿಗೂ ಒಂದಿಷ್ಟು ಬೀಳ್ಲಿ!" ಕೆಳಗಿನಿಂದ ಕುನರ್ಟ್ ನಕ್ಕ.

ಬುಟ್ಟಿ ತುಂಬಿಸಿಯೇ ಇಳಿದೆ. ಸರಪಳಿ ಸುತ್ತಿದೆ, ಬೀಗ ಹಾಕಿದೆ. ಸಾವಿನ ತಂತಿ ಒಂಬತ್ತು ದಿನದ ಮೇಲೆ ಬಂತು. ಮಣ್ಣಿಗೆ ಹೋಗಲು ಅಪ್ಪಣೆ ಬರಲಿಲ್ಲ.

ಇಪ್ಪತ್ತೆರಡು ವರ್ಷದ ಮೇಲೆ ಗೋಡೆ ಬಿತ್ತು. ಬೇಲಿಗಳನ್ನೂ ಕಿತ್ತ ಮೇಲೆ, ಚೆರ್ರಿ ಹಣ್ಣಾದಾಗ, ಮುದುಕ ಕುನರ್ಟ್ ತಾನೇ ಬಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟ. "ಇನ್ನು ನಿಮ್ಮಿಷ್ಟ" ಎಂದ. ಏಣಿ ಹೊತ್ತು ಅಮ್ಮನ ಹಿತ್ತಿಲಿಗೆ ನಡೆದೆ. ನಲವತ್ತಾರು ಹೆಜ್ಜೆ. ಈಗ ಆ ಮನೆಯಲ್ಲಿರುವವರನ್ನು ಕೇಳಿ, ಅವಳ ಮರದ ಹಣ್ಣು ಕಿತ್ತು, ಅತ್ತು, ಸಂಜೆಗೆ ಹಿಂದಿರುಗಿದೆ.

ಏಣಿಯನ್ನು ಮನೆಯ ಗೋಡೆಗೆ ಒರಗಿಸಿ ಸರಪಳಿ ಸುತ್ತಿದೆ, ಬೀಗ ಹಾಕಿದೆ, ಕುನರ್ಟನ ಬಾಗಿಲು ತಟ್ಟಿ ಬೀಗದ ಕೈ ಕೊಟ್ಟೆ. ಅವನು ತೆಗೆದುಕೊಂಡು ಮೊಳೆಗೆ ತಗುಲಿಹಾಕಿದ. ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವನು ಅದನ್ನು ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ.