ಗುಡ್ಡದ ರಸ್ತೆಯ ಮತ

ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನಲ್ಲಿ, ಊರವರೇ ಮತ ಹಾಕಿ ತೀರ್ಮಾನಿಸುವ ವಾರ್ಷಿಕ ಸಭೆಯಲ್ಲಿ ವಿನಿಫ್ರೆಡ್ ಗಂಡ ಡೇಲ್‌ನ ಪಕ್ಕ ಮುದುಡಿ ಕೂತಿದ್ದಳು. ಇಂಗ್ಲೆಂಡಿನ ಯಾರ್ಕ್‌ಷೈರಿನಿಂದ ಮದುವೆಯಾಗಿ ಬಂದು ಇಲ್ಲಿನ ಪ್ರಜೆಯಾಗಿ ವರ್ಷಗಳಾಗಿದ್ದರೂ ಸಭೆಯಲ್ಲಿ ಒಮ್ಮೆಯೂ ಬಾಯಿಬಿಟ್ಟವಳಲ್ಲ. ನಾಲ್ಕು ಜನರೆದುರು ಎದ್ದು ರಂಪ ಮಾಡುವುದೆಂದರೆ ಅವಳ ತವರಿನಲ್ಲಿ ಮರ್ಯಾದೆಗೇಡು.

ಗುಡ್ಡದ ಮೇಲಿರುವುದು ಲವಿನಿಯಾ ಎಂಬ ಮುದುಕಿಯ ಒಂದೇ ಮನೆ. ಅಲ್ಲಿಗೆ ಹೋಗುವ ರಸ್ತೆಯ ಹಿಮವನ್ನು ಊರು ಇನ್ನು ತೆಗೆಸಬಾರದು ಎಂಬುದು ಅವತ್ತು ಮತಕ್ಕೆ ಬಂದಿದ್ದ ಸೂಚನೆ. ಸೊಂಟ ಮುರಿದುಕೊಂಡ ಲವಿನಿಯಾ ಸಭೆಗೆ ಬಂದಿರಲಿಲ್ಲ.

"ಒಂಟಿಯಾಗಿರ್ತೀನಿ ಅಂತ ಹೋದೋಳು ಅವಳೇ," ಎಂದ ಮೇವಿನಂಗಡಿಯ ಹಾರ್ಲನ್. "ಅವಳ ಇಷ್ಟ, ಅವಳ ಸ್ವಾತಂತ್ರ್ಯ. ಅವಳೇ ನೋಡ್ಕೊಳ್ಲಿ."

ಸಭೆಯೆಲ್ಲ ಹೌದೆಂದು ತಲೆಯಾಡಿಸಿತು.

ವಿನಿಫ್ರೆಡ್ ಕುರ್ಚಿಯ ಅಂಚಿಗೆ ಸರಿದದ್ದನ್ನು ಕಂಡು ಡೇಲ್ ಪಿಸುಗುಟ್ಟಿದ: "ಸುಮ್ನಿರು ಮಾರಾಯ್ತಿ. ದಿನಾ ಬೆಳಗಾದ್ರೆ ಆ ಹಾರ್ಲನ್ ಮುಖ ನೋಡ್ಬೇಕು ನಾನು."

"ಮತ್ಯಾರಿಗಾದ್ರೂ ಮಾತಾಡೋದಿದ್ಯಾ?" ಅಧ್ಯಕ್ಷೆ ಕೇಳಿದಳು.

ವಿನಿಫ್ರೆಡ್ ಎದ್ದಳು.

"ಕ್ಷಮಿಸಿ. ನಮ್ಮೂರಲ್ಲೂ ಒಂಟಿ ಮುದುಕೀರನ್ನ ಆಡ್ಕೊಳ್ತಾರೆ. ಆದ್ರೆ ದಾರಿ ಮುಚ್ಚಿಬಿಡೋಣ ಅಂತ ಎಲ್ಲರೆದುರು ಹೇಳೋಕೆ ನಾಚ್ಕೋತಾರೆ. ನಾಳೆ ಅವಳಿಗೇನಾದ್ರೂ ಆದ್ರೆ ಆಂಬುಲೆನ್ಸ್ ಮೇಲಕ್ಕೆ ಹೇಗ್ರೀ ಹೋಗುತ್ತೆ?"

ಮರುಕ್ಷಣ ಚಪ್ಪಾಳೆ! ಎಲ್ಲರಿಗಿಂತ ಜೋರಾಗಿ ತಟ್ಟಿದವನು ಹಾರ್ಲನ್.

"ಭೇಷ್! ಮನಸ್ಸಿಗೆ ಬಂದದ್ದನ್ನ ಹೇಳೋದು ಅಂದ್ರೆ ಇದು. ಈಗ ಅಪ್ಪಟ ಅಮೆರಿಕದವಳಾದೆ ನೋಡಮ್ಮ!"

ಗೆದ್ದೆ ಎಂದುಕೊಂಡಳು ವಿನಿಫ್ರೆಡ್.

"ಹಿಮ ತೆಗೆಸಬಾರದು ಅನ್ನೋ ಸೂಚನೆ ಒಪ್ಪೋರು?" ಅಧ್ಯಕ್ಷೆ ಕೇಳಿದಳು.

"ಹೌದು!" ಚಪ್ಪಾಳೆ ತಟ್ಟಿದ ಅದೇ ಜನ ಒಕ್ಕೊರಲಿನಿಂದ ಕೂಗಿದರು.

"ಒಪ್ಪದವರು?"

"ಇಲ್ಲ," ಎಂದಳು ವಿನಿಫ್ರೆಡ್. ಅವಳೊಬ್ಬಳೇ. ಡೇಲ್ ಎರಡು ಸಲವೂ ಬಾಯಿ ತೆರೆದಿರಲಿಲ್ಲ.

ಸಭೆಯವರೆಲ್ಲ ಒಟ್ಟಿಗೆ ಕೂತ ಮಧ್ಯಾಹ್ನದ ಊಟದ ಮೇಜಿನಲ್ಲಿ ಅವಳ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು. ದೂರದಿಂದ ನಗುತ್ತಿದ್ದರೇ ಹೊರತು ಹತ್ತಿರ ಬಂದವರಿಲ್ಲ. ತವರಿನವರಾಗಿದ್ದರೆ ಚಪ್ಪಾಳೆಯನ್ನೂ ತಟ್ಟುತ್ತಿರಲಿಲ್ಲ. ಛಾವಣಿ ನೋಡುತ್ತ ಕೂರುತ್ತಿದ್ದರು. ಯಾವುದು ಮೇಲು ಎಂದು ಅವಳಿಗೆ ಬಗೆಹರಿಯಲಿಲ್ಲ.

ಡೇಲ್ ಬೀನ್ಸ್ ತಟ್ಟೆ ಹಿಡಿದು ಎದುರಿಗೆ ಬಂದು ಕೂತ. "ಕೋಪಾನಾ?"

"ಹೂಂ."

ಕಿಟಕಿಯಾಚೆ ಹಿಮ ಉದುರತೊಡಗಿತ್ತು. ಅವನು ಅದನ್ನೇ ನೋಡುತ್ತ, "ಗುಡ್ಡದ ರಸ್ತೆ ಹಿಮಾನ ನಮ್ಮ ಟ್ರಕ್ಕಲ್ಲೇ ತಳ್ಬಹುದು. ಅದಕ್ಕೆ ಯಾರ ಮತಾನೂ ಬೇಡ," ಎಂದ.

"ಹಾರ್ಲನ್ ನೋಡ್ತಾನೆ."

ಡೇಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನೋಡ್ಲಿ," ಎಂದ. ಹಾರ್ಲನ್ ಕೂತಿದ್ದ ಕಡೆ ಒಮ್ಮೆ ನೋಡಿ, ಜೇಬಿನಿಂದ ಟ್ರಕ್ಕಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ.