ಗೇಟು ದಾಟದ ಹೂಗಳು

ಅಕ್ಕನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಕಾಯುತ್ತಲೂ ಇಲ್ಲ. ವಿಷಯ ಗೊತ್ತಿದ್ದವರೆಲ್ಲ ‘ಹೋಗ್ಲಿ ಬಿಡು, ಒಡಹುಟ್ಟಿದವಳಲ್ವಾ’ ಎನ್ನುತ್ತಾರೆ. ಒಡಹುಟ್ಟಿದವಳು ಅಂತಲೇ ಇಷ್ಟು ಸಿಟ್ಟು. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಕೈತೊಳೆದುಕೊಂಡು ಸುಮ್ಮನಾಗುತ್ತಿದ್ದೆ.

ನಾವಿಬ್ಬರೂ ಸೇರಿ ಹೂವಿನ ಅಂಗಡಿ ತೆರೆದೆವು. ಬೋರ್ಡಿನ ಬಣ್ಣ ಒಣಗುವ ಮೊದಲೇ ಲಾಕ್‌ಡೌನ್ ಬಂತು. ಅಂಗಡಿಯಿದ್ದದ್ದು ಚಿಕ್ಕಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಅಮ್ಮ ಹೋದ ಮೇಲೆ ನಮ್ಮನ್ನು ಸಾಕಿದವಳು ಚಿಕ್ಕಮ್ಮನೇ. ಆ ಕೋಣೆಯಲ್ಲಿ ಕೂತು ಊರವರ ಬಟ್ಟೆ ಹೊಲಿದು ನಮ್ಮಿಬ್ಬರನ್ನೂ ಓದಿಸಿದಳು. ಕಣ್ಣು ಮಂಜಾದ ಮೇಲೆ ಮಿಷನ್ನನ್ನು ಮೂಲೆಗೆ ತಳ್ಳಿ ಜಾಗವನ್ನು ನಮಗೆ ಬಿಟ್ಟುಕೊಟ್ಟಳು. ಜಾಗ ಬಿಟ್ಟಳೇ ಹೊರತು ಬಾಯಿ ಮುಚ್ಚಲಿಲ್ಲ; ಒಳಗಿನ ಮಂಚದಿಂದ ನಮ್ಮ ವ್ಯಾಪಾರದ ಮೇಲೆ ಅವಳ ಟೀಕೆ ಇದ್ದೇ ಇರುತ್ತಿತ್ತು.

“ಊರೆಲ್ಲ ಮೂಗು ಮುಚ್ಕೊಂಡು ಓಡಾಡ್ತಿದೆ, ಇವ್ರು ಹೂ ಮಾರೋಕೆ ಹೊರಟ್ರು!” ಎಂದು ಅವಳು ಕೂಗಿದರೆ ನನಗೂ ನಗು ಬರುತ್ತಿತ್ತು. ಆಗಿನ್ನೂ ನಗು ಬರುತ್ತಿತ್ತು.

ಮದುವೆಗಳು ನಿಂತವು. ಹೋಟೆಲುಗಳು ಮುಚ್ಚಿದವು. ಉಳಿದದ್ದು ಸಾವಿನ ಹೂ ಒಂದೇ. ಸತ್ತವರ ಮುಖ ನೋಡಲು ಯಾರನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಜನ ಫೋನ್ ಮಾಡಿ ನಮ್ಮ ಮೂಲಕ ಹೂ ಕಳಿಸತೊಡಗಿದರು. ಅಕ್ಕನದು ಮಾತು, ನನ್ನದು ಕೈ. ಅವಳ ಮಾತಿಗೆ ಕಲ್ಲೂ ಕರಗುತ್ತದೆ. “ನಮ್ಮನೆಯವರು ಅಂತಾನೇ ತಿಳ್ಕೊಂಡು ಕಟ್ತೀವಿ” ಎಂದು ಅವಳು ಫೋನಿನಲ್ಲಿ ಹೇಳುವಾಗ ಆಚೆ ಕಡೆಯವರು ಅಳುವುದು ನನಗೂ ಕೇಳಿಸುತ್ತಿತ್ತು. ನಾನು ನೆನೆಸಿದ ಹಸಿರು ಸ್ಪಂಜಿನ ಬಳೆಗೆ ಹೂ ಚುಚ್ಚಿ ಹೂಚಕ್ರ ಮಾಡುತ್ತಿದ್ದೆ. ಮುಗಿದ ಮೇಲೆ ಅಕ್ಕ ಅದನ್ನು ಬಿಳಿ ಗೋಡೆಗೆ ಒರಗಿಸಿ ಫೋಟೋ ತೆಗೆದು ಗಿರಾಕಿಗೆ ಕಳಿಸುತ್ತಿದ್ದಳು. ಆಮೇಲೆ ಭಾವ ಅದನ್ನು ಸ್ಕೂಟರಿನಲ್ಲಿ ಸ್ಮಶಾನಕ್ಕೆ ಒಯ್ಯುತ್ತಿದ್ದರು. ಭಾವನಿಗೆ ಹೇಗೋ ಪಾಸು ಸಿಕ್ಕಿತ್ತು.

ಒಂದು ದಿನ ಬೆಳಿಗ್ಗೆ ಬಸ್ ಡ್ರೈವರೊಬ್ಬರು ಬಂದರು. ಅರ್ಧ ಇಳಿಸಿದ್ದ ಶಟರಿನ ಕೆಳಗೆ ಬಗ್ಗಿ ಕರೆದರು. ಅಕ್ಕ ಹಿತ್ತಲಿನಲ್ಲಿ ಬಕೆಟ್ ತೊಳೆಯುತ್ತಿದ್ದಳು. ತಾಯಿ ತೀರಿಕೊಂಡಿದ್ದರಂತೆ, ಸ್ಮಶಾನದ ಗೇಟಿನ ಹತ್ತಿರಕ್ಕೂ ಇವರನ್ನು ಬಿಟ್ಟಿರಲಿಲ್ಲವಂತೆ. ನಮ್ಮಿಂದ ಹೂ ಹೋಗಿತ್ತಂತೆ. ಯಾವ ಹೂ ಎಂದು ನನಗೆ ನೆನಪಾಗಲಿಲ್ಲ. ಅವರು ಮಾಸ್ಕ್ ಸರಿಮಾಡಿಕೊಂಡು ಫೋನ್ ತೋರಿಸಿದರು.

“ನಮ್ಮಮ್ಮಂಗೆ ಹಳದಿ ಅಂದ್ರೆ ಪ್ರಾಣ. ನಾನು ಹೇಳೇ ಇರ್ಲಿಲ್ಲ. ನಿಮಗೆ ಹೇಗಮ್ಮ ಗೊತ್ತಾಯ್ತು?”

ಫೋಟೋದಲ್ಲಿ ಬಿಳಿ ಸೇವಂತಿಗೆಯ ಚಕ್ರ, ಕೆಳಗೆ ಎಡಗಡೆ ಒಂದೇ ಒಂದು ಹಳದಿ. ಅದನ್ನು ನಾನು ನೋಡಿದ ಕೂಡಲೇ ಗುರುತಿಸಿದೆ. ಬಿಳಿ ಹೂ ಸಾಲದೆ, ಖಾಲಿ ಬಿಡಲು ಮನಸ್ಸು ಬಾರದೆ ಚುಚ್ಚಿದ ಹಳದಿ ಅದು. ಚುಚ್ಚಿದ್ದು ಇವರ ತಾಯಿಗಲ್ಲ. ಆ ಚಕ್ರ ಕಟ್ಟಿದ್ದು ಮೇಲಿನ ಬೀದಿಯಲ್ಲಿ ತೀರಿಕೊಂಡ ದರ್ಜಿಗೆ, ಹಿಂದಿನ ವಾರ. ದರ್ಜಿಯ ಹೆಂಡತಿ ನಮ್ಮ ಚಿಕ್ಕಮ್ಮನ ಗೆಳತಿ, ಹಾಗಾಗಿ ನನಗೆ ಮರೆಯುವಂತಿರಲಿಲ್ಲ.

ಡ್ರೈವರು ನನ್ನ ಮುಖ ನೋಡುತ್ತ ನಿಂತಿದ್ದರು. ನಾನು ಏನೋ ಗೊಣಗಿದೆ. ಅವರು ಕೈ ಮುಗಿದು ಹೋದರು. ಆ ಮುಗಿದ ಕೈ ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಹಿತ್ತಲಿಗೆ ಹೋಗಿ ಕೇಳಿದೆ. ಅಕ್ಕ ಬಕೆಟ್ ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಒಂದು ಫೋಟೋನ ಎಷ್ಟು ಜನಕ್ಕೆ ಕಳಿಸಿದ್ದೀಯ?”

“ಹೂ ಬರ್ತಿಲ್ಲ, ನಿನಗೂ ಗೊತ್ತು. ತೋಟದವನು ವಾರಕ್ಕೊಂದು ಸಲ ಬಂದ್ರೆ ಹೆಚ್ಚು. ಫೋನ್ ಮಾಡ್ದೋರಿಗೆಲ್ಲ ಇಲ್ಲ ಇಲ್ಲ ಅಂತಿದ್ರೆ ಇನ್ನೊಂದ್ಸಲ ಯಾರು ಮಾಡ್ತಾರೆ?”

“ಅದಕ್ಕೆ ಹೂ ಕಟ್ಟದೇನೆ ಕಟ್ಟಿದೀವಿ ಅಂತ ಹೇಳೋದಾ?”

“ಕಟ್ಟಿದ್ರೆ ಏನಾಗುತ್ತೆ? ಗೇಟಿಂದ ಒಳಗೆ ಒಂದು ಹೂವೂ ಹೋಗಲ್ಲ. ಎಲ್ಲ ಪಕ್ಕಕ್ಕೆ ಬಿಸಾಕ್ತಾರೆ. ನಿನ್ ಭಾವ ಮೊದಲ ದಿನವೇ ನೋಡ್ಕೊಂಡು ಬಂದ್ರು.” ಅವಳು ಬಕೆಟ್ಟನ್ನು ಬೋರಲು ಹಾಕಿದಳು. “ಅವ್ರಿಗೆ ಬೇಕಾಗಿರೋದು ಒಂದು ಫೋಟೋ. ಅದನ್ನ ನೋಡಿ ಸಮಾಧಾನ ಮಾಡ್ಕೊಂತಾರೆ. ಸಮಾಧಾನ ಕೊಡೋದು ತಪ್ಪಾ?”

ನಾನು ಕೂಗಾಡಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೊದಲ ದಿನದಿಂದ ನಾನು ಬೆರಳಿಗೆ ತಂತಿ ಚುಚ್ಚಿಸಿಕೊಂಡು, ಎಸಳಿಗೆ ನೀರು ಚಿಮುಕಿಸಿ, ಲಿಲ್ಲಿಯ ಪರಾಗ ಬಿಳಿ ಎಸಳಿಗೆ ತಾಗಿ ಕಲೆಯಾಗದ ಹಾಗೆ ಕೇಸರಗಳನ್ನು ಒಂದೊಂದಾಗಿ ಚಿವುಟಿ ತೆಗೆದು ಕಟ್ಟಿದ್ದು ಕಸಕ್ಕೆ. ಅವರಿಬ್ಬರಿಗೂ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿರಲಿಲ್ಲ. ನನ್ನನ್ನು ಕುರಿ ಮಾಡಿದ್ದರು.

“ಎಲ್ಲರಿಗೂ ಫೋನ್ ಮಾಡಿ ನಿಜ ಹೇಳು. ಮೊದಲು ಬಸ್ಸಿನವ್ರಿಗೆ,” ಎಂದೆ.

“ಹೇಳಿದ ದಿನ ಅಂಗಡಿ ಮುಚ್ಚಿತು ಅಂತ ಲೆಕ್ಕ. ಆಮೇಲೆ ನೀನು ಏನು ಮಾಡ್ತೀಯ, ನಾನೇನು ಮಾಡ್ಲಿ? ಆ ಮನುಷ್ಯ ಒಳ್ಳೇ ನಿದ್ದೆ ಮಾಡ್ತಿದ್ದಾನೆ, ಎಬ್ಬಿಸಿ ಅಳಿಸ್ಬೇಕಾ?”

ಅವತ್ತಿನಿಂದ ನಾನು ಹೂ ಮುಟ್ಟಲಿಲ್ಲ, ಅವಳೊಡನೆ ಮಾತಾಡಲೂ ಇಲ್ಲ. ಹೇಳಬೇಕಾದದ್ದಿದ್ದರೆ ಚಿಕ್ಕಮ್ಮನ ಮಂಚದ ಮೂಲಕ ಹೋಗಬೇಕಿತ್ತು. “ನಾನೇನು ಅಂಚೆ ಪೆಟ್ಟಿಗೆನಾ?” ಎಂದು ಅವಳು ಗದರಿದರೂ ಇಬ್ಬರ ಮಾತನ್ನೂ ದಾಟಿಸುತ್ತಿದ್ದಳು, ನಡುವೆ ತನ್ನದೂ ಎರಡು ಸೇರಿಸಿ. ಆದರೆ ಜಗಳಕ್ಕೆ ಕಾರಣವೇನೆಂದು ಅವಳಿಗೆ ನಾವಿಬ್ಬರೂ ಹೇಳಲಿಲ್ಲ. ದರ್ಜಿಯ ಹೂ ಎಲ್ಲಿಗೆ ಹೋಯಿತೆಂದು ಹೇಳುವ ಧೈರ್ಯ ಯಾರಿಗಿತ್ತು?

ಆಮೇಲೆ ಚಿಕ್ಕಮ್ಮನಿಗೆ ಜ್ವರ ಬಂತು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದದ್ದು ಅಕ್ಕ. ಆಸ್ಪತ್ರೆಯ ಬಾಗಿಲಿನಿಂದಲೇ ಅವಳನ್ನು ಹಿಂದಕ್ಕೆ ಕಳಿಸಿ, ಮನೆಯಿಂದ ಕದಲಬಾರದೆಂದರು. ಚಿಕ್ಕಮ್ಮನ ಕೋಣೆಯಲ್ಲಿ ಅವಳು ಬಾಗಿಲು ಹಾಕಿಕೊಂಡಳು. ಊಟದ ತಟ್ಟೆಯನ್ನು ನಾನು ಹೊಸ್ತಿಲಲ್ಲಿಟ್ಟು ಬಾಗಿಲು ತಟ್ಟಿ ಬರುತ್ತಿದ್ದೆ, ಮಾತಿಲ್ಲದೆ. ಆಸ್ಪತ್ರೆಯಿಂದ ಕೊನೆಯ ಫೋನ್ ಬಂದಾಗಲೂ ಅವಳು ಬಾಗಿಲಿನ ಆ ಕಡೆ ಅತ್ತಳು, ನಾನು ಈ ಕಡೆ ನಿಂತಿದ್ದೆ.

“ಇರೋ ಹೂವೆಲ್ಲ ಹಾಕಿ ಕಟ್ಟು,” ಎಂದಳು ಒಳಗಿನಿಂದ. “ಒಂದೂ ಉಳಿಸ್ಬೇಡ. ನೀನೇ ತಗೊಂಡು ಹೋಗು. ಒಳಗೆ ಇಡಿಸು. ಕಾಲು ಹಿಡ್ಕೊಂಡಾದ್ರೂ ಇಡಿಸು.”

ಗೇಟಿನ ವಿಷಯ ನನಗಿಂತ ಮೊದಲು ಗೊತ್ತಿದ್ದವಳು ಹೇಳಿದ ಮಾತಿದು. ನಾನು ಕಟ್ಟಿದೆ. ಚಿಕ್ಕಮ್ಮನಿಗಾಗಿ ಕಟ್ಟಿದೆ.

ಭಾವನ ಸ್ಕೂಟರಿನ ಹಿಂದೆ ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಬೀದಿಗಳಲ್ಲಿ ನರಪಿಳ್ಳೆಯೂ ಇರಲಿಲ್ಲ. ಸ್ಮಶಾನದ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

“ವ್ಯಾನು ಆಗಲೇ ಒಳಗೆ ಹೋಯ್ತು. ಹೂ ಅಲ್ಲಿ ಹಾಕಿ.”

ಅಲ್ಲಿ ಎಂದರೆ ಕಾಂಪೌಂಡಿನ ಪಕ್ಕ. ನೋಡಿದೆ. ಎದೆಮಟ್ಟದ ರಾಶಿ, ಕೊಳೆತು ಕಪ್ಪಾಗಿ ನೊಣ ಮುತ್ತಿತ್ತು. ಒಳಗಿನಿಂದ ನನ್ನ ಹಸಿರು ಸ್ಪಂಜಿನ ಬಳೆಗಳು ಇಣುಕುತ್ತಿದ್ದವು. ನಾನು ಬೇಡಿಕೊಂಡೆ, ಆಮೇಲೆ ಕಿರುಚಿದೆ. ಮಾಸ್ಕ್ ಕೆಳಗೆ ಜಾರಿದ್ದೂ ಗೊತ್ತಾಗಲಿಲ್ಲ.

“ನನ್ ಮೇಲೆ ಕಿರುಚಿ ಏನು ಬಂತಮ್ಮ?” ಎಂದ ಅವನು, ಎರಡು ಹೆಜ್ಜೆ ಹಿಂದೆ ಸರಿದು. “ನಿಮ್ಮೋರಿಗೆ ನಾನು ಅವತ್ತೇ ಹೇಳಿದ್ದೆ, ತರ್ಬೇಡಿ ಅಂತ.”

ಭಾವ ಸ್ಕೂಟರಿನ ಕನ್ನಡಿ ಒರೆಸುತ್ತ ನಿಂತಿದ್ದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಕಾವಲುಗಾರ ನನ್ನ ಕೈಯಿಂದ ಚಕ್ರ ತೆಗೆದುಕೊಂಡು ರಾಶಿಯ ಮೇಲೆ ಎಸೆದ. ಅದು ಬೋರಲಾಗಿ ಬಿತ್ತು.

ಆಗ ಫೋನ್ ಬಂತು.

“ಒಳಗೆ ಹೋಯ್ತಾ?” ಅಕ್ಕ ಕೇಳಿದಳು.

“ಫೋಟೋ ಕಳಿಸ್ಲಾ?” ಎಂದೆ. ಚುಚ್ಚಬೇಕೆಂದೇ ಅಂದೆ.

“ಫೋಟೋ ತಗೊಂಡು ನಾನೇನು ಮಾಡ್ಲೇ?” ಎಂದಳು. “ಚಿಕ್ಕಮ್ಮನ ಹತ್ರ ಇಟ್ರಾ? ನೀನು ನೋಡಿದ್ಯಾ? ಅಷ್ಟು ಹೇಳು ಸಾಕು.”

ಹೌದು ಎನ್ನಬಹುದಿತ್ತು. ಭಾವ ನನ್ನತ್ತ ಹೌದು ಎನ್ನು ಎಂದು ತಲೆಯಾಡಿಸುತ್ತಿದ್ದರು. ಹೌದೆಂದಿದ್ದರೆ ಅವಳು ಆ ರಾತ್ರಿ ನಿದ್ದೆ ಮಾಡುತ್ತಿದ್ದಳು.

“ಇಲ್ಲ ಅಕ್ಕ,” ಎಂದೆ. “ಒಳಗೆ ಹೋಗ್ಲಿಲ್ಲ. ಕಸದ ಮೇಲೆ ಎಸೆದ್ರು. ನಾನು ನೋಡ್ತಾ ಇದ್ದೀನಿ, ಮಗುಚಿ ಬಿದ್ದಿದೆ.”

ಅವಳು ಅತ್ತಳು. ಹುಟ್ಟಿದಾಗಿನಿಂದ ಅವಳ ಅಳು ಕೇಳಿದ್ದೇನೆ, ಇಂಥದನ್ನು ಕೇಳಿರಲಿಲ್ಲ. ನನಗೂ ಅಳು ಬಂತು, ಅದರ ಜೊತೆಗೇ ಸಿಟ್ಟೂ ಇತ್ತು. ಫೋನ್ ಇಡಲಿಲ್ಲ. ಅವಳ ಬಿಕ್ಕು ನಿಲ್ಲುವವರೆಗೂ ಬಿಸಿಲಿನಲ್ಲಿ ನಿಂತೆ.

“ಬಸ್ಸಿನವ್ರಿಗೆ ಇವತ್ತು ಫೋನ್ ಮಾಡು,” ಎಂದೆ.

“ಇದನ್ನ ಈಗ ಹೇಳ್ಬೇಕಾ?” ಎಂದು ಭಾವ ಸಿಡಿದರು. ನಾನು ಅವರಿಗೆ ಬೆನ್ನು ತಿರುಗಿಸಿದೆ.

ಫೋನಿನಲ್ಲಿ ಆ ಮಾತುಗಾತಿ ಅಕ್ಕ ಮಗುವಿನ ಹಾಗೆ ಕೇಳಿದಳು.

“ಏನಂತ ಹೇಳ್ಲೇ ಅವ್ರಿಗೆ?”

“ಈಗ ನಾನು ನಿನಗೆ ಹೇಳಿದ್ನಲ್ಲ, ಹಾಗೇ ಹೇಳು.”