ಮಗ್ಗದ ನೀರು

ಮೊಳಕಾಲ್ಮುರಿನ ನೇಕಾರರ ಓಣಿಯ ಹೆಸರೆತ್ತಿದರೆ ಸಾಕು, ವೀಣಾಳಿಗೆ ಮೈ ಉರಿಯುತ್ತಿತ್ತು. ಡೆಂಗಿ ತಡೆಯುವ ದಾರಿ ಹುಡುಕಲು ಬಂದ ಸಂಶೋಧಕಿ ಅವಳು. ಎರಡು ಮಳೆಗಾಲ ಇಲ್ಲಿ ಮನೆಮನೆ ತಿರುಗಿ ಗಂಟಲು ಹರಿದುಕೊಂಡಿದ್ದಳು. ಡ್ರಮ್ಮಿಗೆ ಮುಚ್ಚಳ ಹಾಕಿ, ತೊಟ್ಟಿ ತಿಕ್ಕಿ ಒಣಗಿಸಿ, ನಿಂತ ನೀರಲ್ಲೇ ಸೊಳ್ಳೆ ಹುಟ್ಟೋದು. ಎಲ್ಲರೂ ಹೂಂಗುಟ್ಟಿದ್ದರು. ಪಕ್ಕದ ಓಣಿಗಳಲ್ಲಿ ಜ್ವರ ಇಳಿಯಿತು. ಇಲ್ಲಿ ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ.

ಚಳ್ಳಕೆರೆಯ ಕಚೇರಿಯಿಂದ ಅವಳ ಮೇಲಧಿಕಾರಿ ಕಿರಣ್‌ಕುಮಾರ್ ಬೆಳಿಗ್ಗೆಯೇ ಫೋನ್ ಮಾಡಿದ್ದರು. "ಆ ಜನ ಮಾತು ಕೇಳಲ್ಲ ವೀಣಾ. ಹಾಗಂತ ಬರೆದು ಮುಗಿಸೋಣ. ನಾಳೆಯಿಂದ ಕೊಂಡ್ಲಹಳ್ಳಿ ನೋಡ್ಕೊಳ್ಳಿ."

ಅವಳಿಗೂ ಹಾಗೇ ಅನ್ನಿಸಿತ್ತು. ಆದರೂ ಮನಸ್ಸು ತಡೆಯದೆ ಓಬಳಮ್ಮನ ಮನೆಗೆ ಹೋದಳು. ಆ ಮನೆಯ ಸೊಸೆ ಸರ್ವಮಂಗಳ ತುಂಬು ಬಸುರಿ. ಹಿಂದಿನ ದಿನವಷ್ಟೇ ಡೆಂಗಿಯಿಂದ ಆಸ್ಪತ್ರೆ ಸೇರಿದ್ದಳು.

ಡ್ರಮ್ಮಿಗೆ ಮುಚ್ಚಳವಿತ್ತು. ತೊಟ್ಟಿ ಒಣಗಿತ್ತು. ತೆಂಗಿನ ಚಿಪ್ಪು ಕೂಡ ಬೋರಲು ಬಿದ್ದಿತ್ತು. ಹುಡುಕಿದಷ್ಟೂ ವೀಣಾಳ ಸಿಟ್ಟು ಏರಿತು. ಒಂದು ತಪ್ಪು ಸಿಕ್ಕಿದ್ದರೆ ಬೈದಾದರೂ ಹಗುರಾಗಬಹುದಿತ್ತು.

"ನಾನು ಬರ್ತೀನಿ ಅಂತ ಗೊತ್ತಾಗಿ ಎಲ್ಲ ಚೆಲ್ಲಿಟ್ರಾ?" ಎಂದುಬಿಟ್ಟಳು.

ಓಬಳಮ್ಮನ ಮುಖ ಸಣ್ಣದಾಯಿತು. "ಯಾಕಮ್ಮ ಹಂಗಂತೀಯ? ನೀನು ಹೇಳಿದಾಗಿಂದ ಒಂದು ಚೊಂಬು ನೀರೂ ತೆರೆದಿಟ್ಟಿಲ್ಲ. ಕೂತ್ಕೋ, ಕಾಫಿ ಕಾಸ್ತೀನಿ."

ವೀಣಾ ಯಾವಾಗಲೂ ಕೂರುವ ಕುರ್ಚಿಯ ಮೇಲೆ ಆಸ್ಪತ್ರೆಗೆ ಒಯ್ಯುವ ಬಟ್ಟೆಗಂಟು ಇತ್ತು. ಗುಂಡಿಮಗ್ಗದ ಅಂಚಿಗೇ ಕೂತು, ನೇಯುವವರ ಹಾಗೆ ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟಳು. ಮೀನಖಂಡಕ್ಕೆ ಚುರ್ರೆಂದು ಕಚ್ಚಿತು. ಬಗ್ಗಿ ಮೊಬೈಲ್ ಬೆಳಕು ಹಿಡಿದರೆ, ಗುಂಡಿಯ ಮೂಲೆಯಲ್ಲೊಂದು ಅಗಲ ಬಾಯಿಯ ಮಡಕೆ. ನೀರಿನ ತುಂಬ ಸೊಳ್ಳೆಮರಿ ಮಿಜಿಗುಡುತ್ತಿದ್ದವು.

"ಇದೇನಿದು?"

"ಅದಾ? ಮಗ್ಗಂ ನೀಳ್ಳು, ಮಗ್ಗದ ನೀರು," ಎಂದಳು ಓಬಳಮ್ಮ, ಮನೆಮಾತಿನ ತೆಲುಗು ಬೆರೆಸಿ. "ಗುಂಡಿ ತಂಪಿರಬೇಕಲ್ಲಮ್ಮ. ಈ ಒಣಗಾಳಿಗೆ ರೇಷ್ಮೆ ಎಳೆ ಪಟಪಟ ಹರಿತೈತೆ. ಓಣೀಲಿ ಎಲ್ಲರ ಗುಂಡೀಲೂ ಐತೆ."

"ನೀರು ಎಲ್ಲೆಲ್ಲಿ ಇಟ್ಟಿದೀರಿ ಅಂತ ಎಷ್ಟು ಸಲ ಕೇಳಿದೆ ನಾನು."

"ನೀನು ಕೇಳಿದ್ದು ಕುಡಿಯೋ ನೀರು, ಬಳಸೋ ನೀರು. ಇದು ನಮ್ಮದಲ್ಲ, ಮಗ್ಗದ್ದು."

ಹೌದು, ಹಾಗೆಯೇ ಕೇಳಿದ್ದಳು. ಮನೆಮನೆಯಲ್ಲೂ ಅದೇ ಮಾತು.

"ಇಲ್ಲಿ ಕೂತು ನೇಯೋದು ಯಾರು?"

"ಸೊಸೆ. ಬೆಳಿಗ್ಗೆ ಕಾಲಿಳಿಬಿಟ್ರೆ ಊಟಕ್ಕೇ ಏಳೋದು."

ವೀಣಾ ಅಲ್ಲಿಂದಲೇ ಕಿರಣ್‌ಕುಮಾರರಿಗೆ ಫೋನ್ ಮಾಡಿ ಮಡಕೆಯ ವಿಷಯ ಹೇಳಿದಳು.

"ಜನ ಸಹಕರಿಸಲಿಲ್ಲ ಅಂತ ವರದಿ ಆಗಲೇ ಕಳಿಸಾಯ್ತಲ್ಲ," ಎಂದರು ಅವರು. "ಮುಂದಿನ ವರ್ಷ ನೋಡೋಣ ಬಿಡಿ."

"ಸಹಕರಿಸಿದಾರೆ ಸರ್. ನಾವು ಹೇಳಿದ ಒಂದೊಂದು ಮಾತನ್ನೂ ನಡೆಸಿದಾರೆ. ನಾವು ಹೇಳಿದ್ದೇ ಅಷ್ಟು."

ಅಷ್ಟರಲ್ಲಿ ಓಬಳಮ್ಮ ಮಡಕೆ ಎತ್ತಿಕೊಂಡು ಹೋಗಿ ಅಂಗಳದ ಬಿಸಿಲಿಗೆ ಸುರಿದಳು. ಮಣ್ಣಿನ ಮೇಲೆ ಒದ್ದಾಡುತ್ತಿದ್ದ ಹುಳುಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಎಳೆ ಹರಿದ್ರೆ ಗಂಟು ಹಾಕ್ಕೋತೀವಿ," ಎಂದಳು. "ಮೊದಲೇ ಹೇಳಬಾರದಾಗಿತ್ತೇನಮ್ಮ?"